ಬೇಲಿಯೇ ಹೊಲ ಮೇದಾಗ: ಬಿಡದೆ ಕಾಡುವ ಗಂಧೆಯ ಕುರಿತು
(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಚರ್ಮವೈದ್ಯನಾದ ನಾನು ಇಂದು ಮಾತಿಗೆ ಆರಿಸಿಕೊಂಡಿರುವುದು ಗಂಧೆ. ಪಿತ್ತಗಂಧೆ ಎಂದೂ ಕರೆಯುತ್ತೇವೆ. ಇದರಿಂದ ಜೀವ ಹೋಗುವುದು ತೀರಾ ಅಪರೂಪ. ಆದರೆ ಇದರ ದೆಸೆಯಿಂದ ಊಟ ಬಿಟ್ಟವರು, ನಿದ್ದೆ ಕೆಟ್ಟವರು, ಸಾಲ ಮಾಡಿ ಪರೀಕ್ಷೆ ಮಾಡಿಸಿದವರು ವಾರಕ್ಕೆ ಹಲವರು ನನ್ನ ಮುಂದೆ ಬಂದು ಕೂರುತ್ತಾರೆ. ಅವರೆಲ್ಲ ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ನಾನು ಏನನ್ನು ತಿನ್ನಬಾರದು?" ತಿಂಗಳುಗಟ್ಟಲೆ ಗಂಧೆ ಏಳುವವರಲ್ಲಿ ಹೆಚ್ಚಿನವರಿಗೆ ಆ ಪ್ರಶ್ನೆಯಿಂದ ಉಪಯೋಗವಿಲ್ಲ. ಯಾಕಿಲ್ಲ ಎಂಬುದನ್ನು ಹೇಳಲು ನಿಂತಿದ್ದೇನೆ.

ಗಂಧೆಯಲ್ಲಿ ಎರಡು ಬಗೆ. ಒಮ್ಮೆ ಎದ್ದು ಕೆಲವು ದಿನಗಳಲ್ಲಿ ಮಾಯವಾಗುವುದು ಒಂದು. ಸೀಗಡಿ ತಿಂದಾಗ, ಕಣಜ ಕಚ್ಚಿದಾಗ, ಔಷಧಿ ಒಗ್ಗದಿದ್ದಾಗ, ಮಕ್ಕಳಿಗೆ ಜ್ವರ ಬಂದಾಗ ಏಳುವುದು ಇದು. ಇನ್ನೊಂದು 6 ವಾರ ದಾಟಿಯೂ ದಿನವೋ ದಿನ ಬಿಟ್ಟು ದಿನವೋ ಏಳುತ್ತಲೇ ಇರುವುದು. ಒಂದೊಂದು ದದ್ದೂ 24 ಗಂಟೆಯೊಳಗೆ ಕಲೆ ಉಳಿಸದೆ ಇಳಿಯುತ್ತದೆ, ಅಷ್ಟರಲ್ಲಿ ಬೇರೊಂದು ಕಡೆ ಹೊಸದು ಎದ್ದಿರುತ್ತದೆ. ಕೆಲವರಿಗೆ ತುಟಿ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತವೆ. ಇದು ದೀರ್ಘಕಾಲದ ಗಂಧೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು.

ಮಕ್ಕಳೇ, ಚರ್ಮದ ಒಳಗೆ ಏನು ನಡೆಯುತ್ತದೆ ಎಂಬುದನ್ನು ನಮ್ಮ ಶಾಲೆಯ ಗಂಟೆಯಿಂದಲೇ ಹೇಳುತ್ತೇನೆ. ನಮ್ಮ ಚರ್ಮದಲ್ಲಿ ರಕ್ತನಾಳಗಳ ಪಕ್ಕದಲ್ಲಿ ಮಾಸ್ಟ್ ಕೋಶ ಎಂಬ ಜೀವಕೋಶಗಳಿವೆ. ಅವುಗಳ ಹೊಟ್ಟೆಯ ತುಂಬ ಹಿಸ್ಟಮೀನ್ ಎಂಬ ರಾಸಾಯನಿಕ ತುಂಬಿದ ಕಣಗಳು. ಕೋಶದ ಮೈಮೇಲೆ ಗ್ರಾಹಕಗಳಿವೆ. ಅವನ್ನು ಗಂಟೆಯ ಹಗ್ಗ ಎಂದುಕೊಳ್ಳಿ. ಹಗ್ಗಕ್ಕೆ ಐಜಿಇ ಎಂಬ ಪ್ರತಿಕಾಯಗಳು ಅಂಟಿಕೊಂಡಿರುತ್ತವೆ. ಸೀಗಡಿ ಒಗ್ಗದವನು ಅದನ್ನು ತಿಂದರೆ, ಸೀಗಡಿಯ ಪ್ರೋಟೀನು ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದು ಎಳೆಯುತ್ತದೆ. ಗಂಟೆ ಹೊಡೆಯಿತು! ಬಾಗಿಲು ತೆರೆದಾಗ ನೀವು ಓಡುವ ಹಾಗೆ ಹಿಸ್ಟಮೀನ್ ಹೊರಗೆ ನುಗ್ಗುತ್ತದೆ. ರಕ್ತನಾಳ ಸಡಿಲಗೊಂಡು ನೀರು ಜಿನುಗುತ್ತದೆ. ದದ್ದು ಏಳುತ್ತದೆ, ನರಗಳು ಕೆರಳಿ ತುರಿಕೆ ಶುರುವಾಗುತ್ತದೆ.

ಈಗ ಯೋಚಿಸಿ. ಜವಾನ ಬರದೆಯೇ, ಶಾಲೆಯ ಹುಡುಗನೊಬ್ಬ ಹಗ್ಗಕ್ಕೆ ಕೈ ಹಾಕಿ ಎಳೆದರೆ? ಆಗಲೂ ಗಂಟೆ ಹೊಡೆಯುತ್ತದೆ. ದೀರ್ಘಕಾಲದ ಗಂಧೆ ಇರುವ ಅನೇಕರಲ್ಲಿ ಆಗುವುದು ಹೀಗೇ. ಹೊರಗಿನಿಂದ ಏನೂ ಬಂದಿರುವುದಿಲ್ಲ. ರೋಗಾಣುಗಳ ಮೇಲೆ ಯುದ್ಧ ಮಾಡಬೇಕಾದ ನಮ್ಮದೇ ಪ್ರತಿಕಾಯಗಳಲ್ಲಿ ಕೆಲವು ದಾರಿತಪ್ಪಿ ನಮ್ಮದೇ ಮಾಸ್ಟ್ ಕೋಶದ ಹಗ್ಗವನ್ನು ಎಳೆಯುತ್ತವೆ. ಇವನ್ನು ಸ್ವಪ್ರತಿಕಾಯಗಳು ಎನ್ನುತ್ತೇವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಇದನ್ನು ಒಪ್ಪಿಕೊಳ್ಳಲು ವಿಜ್ಞಾನಕ್ಕೂ ಬಹಳ ಕಾಲ ಹಿಡಿಯಿತು. ಮಾಸ್ಟ್ ಕೋಶಗಳನ್ನು ಗುರುತಿಸಿ ಹೆಸರಿಟ್ಟವರು ಜರ್ಮನಿಯ ಪಾಲ್ ಎರ್ಲಿಖ್. 1878ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಬಣ್ಣಗಳಿಂದ ಅವನ್ನು ಎದ್ದು ಕಾಣುವಂತೆ ಮಾಡಿದರು. ಕಣಗಳಿಂದ ತುಂಬಿದ್ದರಿಂದ ಚೆನ್ನಾಗಿ ಉಂಡ ಕೋಶಗಳೆಂಬ ಅರ್ಥದ ಹೆಸರು ಕೊಟ್ಟರು. ದೇಹಕ್ಕೆ ತನಗೆ ತಾನೇ ವಿಷವಾಗುವ ಭಯವಿದೆ, ತನ್ನ ಮೇಲೆ ತಾನೇ ಪ್ರತಿಕಾಯಗಳನ್ನು ಹರಿಯಬಿಡದು ಎಂಬ ಮಾತನ್ನು 20ನೇ ಶತಮಾನದ ಆರಂಭದಲ್ಲಿ ಹೇಳಿದವರೂ ಅವರೇ. 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅವರ ಮಾತಿಗೆ ತೂಕವಿತ್ತು. ಆ ಮಾತಿಗೆ ಅವರು ಹೆಸರಿಟ್ಟ ಕೋಶಗಳೇ ಮುಂದೆ ಎದುರು ಸಾಕ್ಷಿ ಹೇಳಿದವು.

1983ರಲ್ಲಿ ಕೆನಡಾದ ವೈದ್ಯರು ದೀರ್ಘಕಾಲದ ಗಂಧೆಯವರಲ್ಲಿ ಥೈರಾಯ್ಡ್ ವಿರುದ್ಧದ ಸ್ವಪ್ರತಿಕಾಯಗಳು ಹೆಚ್ಚಾಗಿ ಕಾಣುತ್ತವೆ ಎಂದು ತೋರಿಸಿದರು. 1986ರಲ್ಲಿ ಇಂಗ್ಲೆಂಡಿನ ಕ್ಲೈವ್ ಗ್ರಾಟನ್ ಮತ್ತು ಸಂಗಡಿಗರು ಸರಳವಾದ ಪರೀಕ್ಷೆಯೊಂದನ್ನು ವರದಿ ಮಾಡಿದರು. ರೋಗಿಯ ರಕ್ತ ತೆಗೆದು, ಅದರ ತಿಳಿಯನ್ನು, ಅಂದರೆ ಸೀರಮ್ಮನ್ನು ಬೇರ್ಪಡಿಸಿ, ಅವರದೇ ಮುಂಗೈ ಚರ್ಮಕ್ಕೆ ಒಂದು ಹನಿಯಷ್ಟು ಚುಚ್ಚುವುದು. ಅರ್ಧ ಗಂಟೆಯಲ್ಲಿ ಕೆಲವರಿಗೆ ಅಲ್ಲಿ ದದ್ದು ಎದ್ದಿತು. ಗಂಧೆ ಎಬ್ಬಿಸುವ ವಸ್ತು ಅವರದೇ ರಕ್ತದಲ್ಲಿತ್ತು! 1993ರಲ್ಲಿ ಲಂಡನ್ನಿನಲ್ಲಿ ಜಪಾನಿನ ಮಿಚಿಹಿರೊ ಹಿಡೆ, ಗ್ರಾಟನ್, ಮಾಲ್ಕಮ್ ಗ್ರೀವ್ಸ್ ಮತ್ತಿತರರು ಆ ವಸ್ತು ಯಾವುದೆಂದು ತೋರಿಸಿದರು. ಅದು ಐಜಿಇ ಗ್ರಾಹಕದ ವಿರುದ್ಧದ ಸ್ವಪ್ರತಿಕಾಯ, ಅಂದರೆ ನೇರವಾಗಿ ಹಗ್ಗಕ್ಕೇ ಕೈಹಾಕುವ ಹುಡುಗ.

ಆಮೇಲೆ ಇನ್ನೊಂದು ಬಗೆಯೂ ತಿಳಿಯಿತು. ಕೆಲವರ ಐಜಿಇ ಸೀಗಡಿಯ ಬದಲು ತಮ್ಮದೇ ದೇಹದ ಪ್ರೋಟೀನುಗಳನ್ನು, ಉದಾಹರಣೆಗೆ ಥೈರಾಯ್ಡಿನ ಒಂದು ಕಿಣ್ವವನ್ನು, ಗುರಿ ಮಾಡುತ್ತದೆ. ಇದು ತನಗೆ ತಾನೇ ಅಲರ್ಜಿಯಾದ ಹಾಗೆ. ಎಲ್ಲ ಗಂಧೆಗೂ ಸ್ವಪ್ರತಿಕಾಯವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಚರ್ಮದ ಪರೀಕ್ಷೆಯಲ್ಲಿ ದದ್ದು ಎದ್ದ ಮಾತ್ರಕ್ಕೆ ಅದು ಸಿದ್ಧವೂ ಆಗುವುದಿಲ್ಲ.

ಇದೆಲ್ಲ ಪ್ರಯೋಗಾಲಯದ ವಿಷಯ, ನಮಗೇಕೆ ಎನ್ನಬಹುದು. ನನ್ನಲ್ಲಿಗೆ ಬಂದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಎರಡು ವರ್ಷದಿಂದ ಗಂಧೆ. ನಂಜೆಂದು ಮೊದಲು ಬದನೆಕಾಯಿ ಬಿಟ್ಟರು. ಆಮೇಲೆ ಮೊಟ್ಟೆ, ಮೀನು, ಶೇಂಗಾ, ತೊಗರಿಬೇಳೆ. ಎಲ್ಲೋ ರಕ್ತ ಕೊಟ್ಟು ಮಾಡಿಸಿದ ಆಹಾರ ಪರೀಕ್ಷೆಯ ಉದ್ದನೆಯ ಪಟ್ಟಿಯಲ್ಲಿ ಹಾಲಿಗೂ ಗೋಧಿಗೂ ಕೆಂಪು ಗುರುತು ಬಿದ್ದಿತ್ತು, ಅವನ್ನೂ ಬಿಟ್ಟರು. ಉಳಿದದ್ದು ಅನ್ನ, ತಿಳಿಸಾರು. ಮೈ ಸೊರಗಿತ್ತು, ಗಂಧೆ ಸೊರಗಿರಲಿಲ್ಲ. ಮನೆಯವರ ದೃಷ್ಟಿಯಲ್ಲಿ ತಪ್ಪು ಮಾತ್ರ ಅವರದೇ: "ಕದ್ದು ಏನೋ ತಿಂದಿರಬೇಕು." ಅವರ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯ ಹೆಚ್ಚಿತ್ತು, ಒಟ್ಟು ಐಜಿಇ ತೀರಾ ಕಡಿಮೆ ಇತ್ತು. ಇವೆರಡೂ ಸೇರಿದರೆ ಸ್ವಪ್ರತಿಕಾಯದ ಕಡೆಗೇ ಬೆರಳು. ಅತ್ತೆ, ಗಂಡ ಇಬ್ಬರನ್ನೂ ಕೂರಿಸಿ ಗಂಟೆಯ ಕಥೆ ಹೇಳಿದೆ. ಒಂದೊಂದೇ ಪದಾರ್ಥವನ್ನು ಮತ್ತೆ ಊಟಕ್ಕೆ ಸೇರಿಸಿದೆವು, ಗಂಧೆ ಹೆಚ್ಚಲಿಲ್ಲ. ಅದು ಪೂರ್ತಿ ನಿಲ್ಲಲು ಮುಂದೆ ಒಂದೂವರೆ ವರ್ಷ ಬೇಕಾಯಿತು. ಊಟ ಮಾತ್ರ ಮೊದಲ ತಿಂಗಳಲ್ಲೇ ಮರಳಿತು.

ಚಿಕಿತ್ಸೆಯ ದಾರಿ ಸ್ಪಷ್ಟವಾಗಿದೆ. ಮೊದಲನೆಯದು ನಿದ್ದೆ ಹೆಚ್ಚು ತರದ ಹೊಸ ಪೀಳಿಗೆಯ ಹಿಸ್ಟಮೀನ್ ವಿರೋಧಿ ಮಾತ್ರೆ. ಗಂಧೆ ಎದ್ದಾಗ ಮಾತ್ರ ನುಂಗಿದರೆ ಸಾಲದು, ದಿನವೂ ತೆಗೆದುಕೊಳ್ಳಬೇಕು. ಸಾಲದಿದ್ದರೆ ವೈದ್ಯರ ನಿಗಾದಲ್ಲಿ ನಾಲ್ಕು ಪಟ್ಟಿನವರೆಗೆ ಏರಿಸಬಹುದು. ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದು ಇದೆ. ಮೊದಲು ಅಸ್ತಮಾಗೆಂದು ಬಂದ ಇದನ್ನು 2014ರಲ್ಲಿ ಅಮೆರಿಕದಲ್ಲಿ ಈ ಗಂಧೆಗೂ ಒಪ್ಪಿದರು. 4 ವಾರಕ್ಕೊಮ್ಮೆ ಕೊಡುತ್ತೇವೆ. ಅದು ರಕ್ತದಲ್ಲಿನ ಐಜಿಇಯನ್ನು ಹಿಡಿದು ಹಾಕುತ್ತದೆ, ಕ್ರಮೇಣ ಹಗ್ಗಗಳೇ ಕಡಿಮೆಯಾಗುತ್ತವೆ. ತಮ್ಮದೇ ಪ್ರೋಟೀನಿಗೆ ಐಜಿಇ ಇರುವವರಿಗೆ ಬೇಗ ಗುಣ ಕಾಣುತ್ತದೆ, ನೇರವಾಗಿ ಹಗ್ಗ ಎಳೆಯುವ ಸ್ವಪ್ರತಿಕಾಯ ಇರುವವರಿಗೆ ತಡವಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಬೆಲೆ ದುಬಾರಿಯಾದ್ದರಿಂದ ಯಾರಲ್ಲಿ ಯಾವ ಬಗೆ ಎಂದು ಮೊದಲೇ ತಿಳಿದರೆ ಬಡವರಿಗೆ ಬಹಳ ಉಪಕಾರ.

ಊರಿನವರಲ್ಲಿ ಕೆಲವು ವಿನಂತಿಗಳು. ಅಂಗಡಿಯಿಂದ ತಂದ ಸ್ಟೀರಾಯ್ಡ್ ಮಾತ್ರೆ ಎರಡು ದಿನದಲ್ಲಿ ಮೈ ತಿಳಿ ಮಾಡುತ್ತದೆ, ನಿಜ. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತ ಹಿಂದೆಯೇ ಬರುತ್ತವೆ. ಆಸ್ಪಿರಿನ್ನಂಥ ನೋವಿನ ಮಾತ್ರೆಗಳು ಕೆಲವರಿಗೆ ಗಂಧೆಯನ್ನು ಕೆರಳಿಸುತ್ತವೆ, ಕೇಳದೆ ನುಂಗಬೇಡಿ. ಕಂಬಳಿಯಿಂದ ಉಜ್ಜುವ ಅಭ್ಯಾಸ ಬೇಡ, ಉಜ್ಜಿದಷ್ಟೂ ಕೆಲವರಿಗೆ ಹೆಚ್ಚುತ್ತದೆ. ಪುನರ್ಪುಳಿ ಪಾನಕ ಬೇಕಾದರೆ ಕುಡಿಯಿರಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಉಸಿರು ಕಟ್ಟಿದರೆ, ನಾಲಿಗೆ, ಗಂಟಲು ಊದಿದರೆ ತಕ್ಷಣ ಆಸ್ಪತ್ರೆಗೆ ಓಡಿ. ದದ್ದು ಒಂದು ದಿನ ಮೀರಿ ನಿಂತು, ಉರಿದು, ಕಲೆ ಉಳಿಸಿದರೆ ಅದು ಬೇರೆ ಕಾಯಿಲೆ ಇರಬಹುದು, ತೋರಿಸಿಕೊಳ್ಳಿ.

ಮಕ್ಕಳೇ, ಗಂಧೆ ಅಂಟುರೋಗವಲ್ಲ. ನಿಮ್ಮ ತರಗತಿಯಲ್ಲಿ ಯಾರಾದರೂ ಕೈ ಕೆರೆದುಕೊಳ್ಳುತ್ತಿದ್ದರೆ ಬೆಂಚಿನ ತುದಿಗೆ ಸರಿಯಬೇಡಿ, ಬಿಸಿಯೂಟಕ್ಕೆ ಪಕ್ಕದಲ್ಲೇ ಕೂರಿಸಿಕೊಳ್ಳಿ. ಬಹಳಷ್ಟು ಜನರಲ್ಲಿ ಇದು ಕೆಲವು ವರ್ಷಗಳಲ್ಲಿ ತಾನಾಗಿಯೇ ಹಿಂದೆ ಸರಿಯುತ್ತದೆ. ಅಲ್ಲಿಯವರೆಗೆ ಅವರಿಗೆ ಬೇಕಾದದ್ದು ಕ್ರಮವಾದ ಮಾತ್ರೆ, ಹೊಟ್ಟೆ ತುಂಬ ಊಟ, ಮತ್ತು "ನಿನ್ನ ತಪ್ಪೇನೂ ಇಲ್ಲ" ಎನ್ನುವ ಒಬ್ಬರು.

ಐವತ್ತು ವರ್ಷ ತುಂಬಿದ ನಮ್ಮ ಶಾಲೆ ಇನ್ನೂ ನೂರಾರು ತಂಡಗಳಿಗೆ ಅಕ್ಷರ ಕೊಡಲಿ.