ಶಸ್ತ್ರವೈದ್ಯನ ಅಲಗು

(ಬಾನುಲಿ ಭಾಷಣ)



ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಶಸ್ತ್ರಚಿಕಿತ್ಸೆಯ ಕತ್ತಿಯನ್ನು ಕುರಿತು ಮಾತನಾಡಲು ಹೊರಟದ್ದು ಕೆಲವರಿಗೆ ವಿಚಿತ್ರವೆನಿಸೀತು. ಮಾತಿನ ಹರಿತವನ್ನು ತೂಗಿ ನೋಡುವುದು ನಮ್ಮ ಕಸುಬು. ಉಕ್ಕಿನ ಹರಿತ ವೈದ್ಯರಿಗೆ ಸೇರಿದ್ದು. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ನನಗೊಂದು ಸ್ವಂತ ಕಾರಣವಿದೆ. ಅದನ್ನು ಮಾತಿನ ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಊರು ಸುಳ್ಯ ತಾಲೂಕಿನ ಮಂಡೆಕೋಲು. ಕೇರಳದ ಗಡಿಗೆ ತಾಗಿದ, ಅಡಿಕೆ ತೋಟಗಳ ಹಳ್ಳಿ. ಅಲ್ಲಿನ ಯಾವ ಮನೆಗೆ ಹೋದರೂ ನಾಲ್ಕಾರು ಬಗೆಯ ಕತ್ತಿಗಳು ಕಾಣುತ್ತವೆ. ಸೊಪ್ಪು ಸವರುವುದಕ್ಕೊಂದು, ತೆಂಗಿನಕಾಯಿಗೊಂದು, ತರಕಾರಿಗೆ ಮೆಟ್ಟುಕತ್ತಿ, ವೀಳ್ಯದ ತಟ್ಟೆಯಲ್ಲಿ ಅಡಕತ್ತರಿ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿದರೆ ಅಜ್ಜನಿಗೆ ಸಿಟ್ಟು ಬರುತ್ತಿತ್ತು. ಮೊಂಡು ಕತ್ತಿಯನ್ನು ಕಂಡರಂತೂ ಇನ್ನೂ ಹೆಚ್ಚು. ಹರಿತವಿದ್ದದ್ದು ಕೊಯ್ಯಬೇಕಾದ್ದನ್ನು ಕೊಯ್ಯುತ್ತದೆ, ಮೊಂಡಾದದ್ದು ಹಿಡಿದವನ ಕೈಯನ್ನೇ ಕೊಯ್ಯುತ್ತದೆ ಎನ್ನುತ್ತಿದ್ದರು. ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಅವರು ಕತ್ತಿ ಮಸೆಯುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮುಂದೆ ಸುಶ್ರುತಸಂಹಿತೆಯ ಸೂತ್ರಸ್ಥಾನವನ್ನು ಓದಿದಾಗ ನನಗೆ ಅಜ್ಜನ ನೆನಪಾಯಿತು. ಸುಶ್ರುತ ನೂರೊಂದು ಯಂತ್ರಗಳನ್ನೂ ಇಪ್ಪತ್ತು ಶಸ್ತ್ರಗಳನ್ನೂ ಎಣಿಸುತ್ತಾನೆ. ಶಸ್ತ್ರಗಳ ಹೆಸರುಗಳಲ್ಲೇ ಅವುಗಳ ಆಕಾರವಿದೆ: ನೈದಿಲೆಯ ಎಸಳಿನಂತಿರುವುದು ಉತ್ಪಲಪತ್ರ, ಭತ್ತದ ಕಾಳಿನ ತುದಿಯಂತಿರುವುದು ವ್ರೀಹಿಮುಖ, ಹಕ್ಕಿಯ ಕೊಕ್ಕಿನಂತಿರುವುದು ಶರಾರಿಮುಖ. ಶಸ್ತ್ರಕ್ಕೆ ಎಂಟು ದೋಷಗಳನ್ನು ಆತ ಹೇಳುತ್ತಾನೆ. ಡೊಂಕಾಗಿರುವುದು, ಮೊಂಡಾಗಿರುವುದು, ಮುರಿದಿರುವುದು, ಅಲಗು ಒರಟಾಗಿರುವುದು, ಅತಿ ದಪ್ಪ, ಅತಿ ಸಣ್ಣ, ಅತಿ ಉದ್ದ, ಅತಿ ಗಿಡ್ಡ. ಒರಟು ಅಲಗು ಗರಗಸಕ್ಕೆ ಮಾತ್ರ ದೋಷವಲ್ಲ. ಅದು ಎಲುಬನ್ನು ಕೊಯ್ಯಬೇಕಲ್ಲ!

ಹರಿತವೆಂಬುದು ಎಲ್ಲ ಕೆಲಸಕ್ಕೂ ಒಂದೇ ಅಲ್ಲ ಎಂಬುದನ್ನೂ ಆತ ಬಲ್ಲ. ಸೀಳುವ ಶಸ್ತ್ರದ ಧಾರೆ ಚೆನ್ನಂಗಿ ಬೇಳೆಯಷ್ಟು, ಕೆರೆಯುವುದರದು ಅದರರ್ಧ, ಚುಚ್ಚುವುದರದು ಕೂದಲೆಳೆಯಷ್ಟು, ಕತ್ತರಿಸಿ ತೆಗೆಯುವುದರದು ಅರ್ಧ ಕೂದಲಷ್ಟು ಇರಬೇಕಂತೆ. ಮಸೆಯಲು ಉದ್ದಿನ ಬಣ್ಣದ ನುಣುಪು ಕಲ್ಲು. ಮಸೆದ ಧಾರೆ ಕೆಡದಂತೆ ಕಾಯಲು ಬೂರುಗದ ಹಲಗೆ. ರೋಮವನ್ನು ಕತ್ತರಿಸುವಷ್ಟು ಹರಿತವಾದ ಮೇಲೆಯೇ ಶಸ್ತ್ರ ರೋಗಿಯ ಮೈ ಮುಟ್ಟಬೇಕು. ಶಿಷ್ಯನೂ ಅಷ್ಟೆ. ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನೂ, ನೀರು ಕೆಸರು ತುಂಬಿದ ತೊಗಲಿನ ಚೀಲಗಳ ಮೇಲೆ ಸೀಳುವುದನ್ನೂ ಅಭ್ಯಾಸ ಮಾಡಿದ ಬಳಿಕವೇ ಅವನಿಗೆ ಮನುಷ್ಯದೇಹದ ಅಧಿಕಾರ. ಇಷ್ಟೆಲ್ಲ ಹೇಳಿದವನೇ, ಯಂತ್ರಗಳಲ್ಲೆಲ್ಲ ಮುಖ್ಯವಾದದ್ದು ಕೈ ಎಂದೂ ಹೇಳಿದ್ದಾನೆ. ನಮ್ಮ ಕನ್ನಡದಲ್ಲಿಯೂ ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಮೊದಲಾದ ವೈದ್ಯಗ್ರಂಥಗಳು ಹುಟ್ಟಿದವು. ಆದರೆ ಅಲಗಿನ ಬಗೆಗೆ ಇಷ್ಟು ಸೂಕ್ಷ್ಮವಾದ ವಿವೇಚನೆಗೆ ನಾವು ಸುಶ್ರುತನ ಬಳಿಗೇ ಹೋಗಬೇಕು.

ಇನ್ನು ನಮ್ಮ ಕಾಲದ ಮಾತು. ನನ್ನಲ್ಲಿ ಕನ್ನಡ ಓದಿದ ಹುಡುಗನೊಬ್ಬ ಈಗ ಶಸ್ತ್ರವೈದ್ಯ. ಒಂದು ಮಧ್ಯಾಹ್ನ ಅವನು ತನ್ನ ಸಲಕರಣೆಗಳನ್ನು ಮೇಜಿನ ಮೇಲೆ ಹರಡಿ ನನಗೆ ಪಾಠ ಹೇಳಿದ. ಗುರುಶಿಷ್ಯರ ಸ್ಥಾನ ಅದಲುಬದಲಾಯಿತು. ಹಿಂದೆ ವೈದ್ಯರು ಒಂದೇ ಕತ್ತಿಯನ್ನು ಮತ್ತೆ ಮತ್ತೆ ಮಸೆದು ಬಳಸುತ್ತಿದ್ದರು. ಅಮೆರಿಕದ ಮಾರ್ಗನ್ ಪಾರ್ಕರ್ ಎಂಬಾತ 1915ರಲ್ಲಿ ಹಿಡಿ ಬೇರೆ, ಅಲಗು ಬೇರೆಯಾದ ಕತ್ತಿಗೆ ಪೇಟೆಂಟ್ ಪಡೆದ ಮೇಲೆ ಈ ಪದ್ಧತಿ ಬದಲಾಗುತ್ತ ಬಂತು. ಹಿಡಿಯನ್ನು ಶುದ್ಧಿಮಾಡಿ ಮತ್ತೆ ಬಳಸಬಹುದು. ಅಲಗು ಒಬ್ಬ ರೋಗಿಗೆ ಮಾತ್ರ. ಹೀಗೆ ಮಸೆಗಲ್ಲಿಗೆ ಆಸ್ಪತ್ರೆಯಲ್ಲಿ ಕೆಲಸವಿಲ್ಲದಾಯಿತು.

ಅಲಗುಗಳಿಗೆ ಈಗ ಎಸಳು ಕೊಕ್ಕುಗಳ ಹೆಸರಿಲ್ಲ, ನಂಬರುಗಳಿವೆ. ಮೂರನೆಯ ನಂಬರಿನ ಹಿಡಿಗೆ 10, 11, 12, 15ನೆಯ ಅಲಗುಗಳು ಕೂರುತ್ತವೆ. ನಾಲ್ಕನೆಯ ಹಿಡಿ ದೊಡ್ಡದು; ಅದಕ್ಕೆ 20ರಿಂದ 24ರವರೆಗಿನವು. ಹೊಟ್ಟೆ ಉಬ್ಬಿದಂತಿರುವ 10 ಮತ್ತು 20ರ ದಶಕದ ಅಲಗುಗಳು ಚರ್ಮವನ್ನು ಉದ್ದಕ್ಕೆ ಕೊಯ್ಯುವುದಕ್ಕೆ. ಮೊನಚು ತುದಿಯ 11 ಕೀವುಗಟ್ಟಿದ ಕುರುವನ್ನು ಚುಚ್ಚಿ ಬಿಡಿಸುವುದಕ್ಕೆ. ಪುಟ್ಟದಾದ 15 ಮುಖ, ಬೆರಳುಗಳಂಥ ಸೂಕ್ಷ್ಮ ಜಾಗಕ್ಕೆ. 12 ಕೊಕ್ಕೆಯಂತೆ ಬಾಗಿದ್ದು. ನನಗೆ ಸುಶ್ರುತನ ಪಟ್ಟಿಯೇ ಬೇರೆ ಉಡುಪಿನಲ್ಲಿ ಎದುರು ಬಂದಂತಾಯಿತು. ಕಾರ್ಬನ್ ಉಕ್ಕಿನ ಅಲಗು ಹೆಚ್ಚು ಹರಿತ, ಆದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ತಡೆಯುತ್ತದೆ. ಯಾವುದನ್ನು ಆರಿಸಿದರೂ ಪೊಟ್ಟಣ ಹರಿದಿರಬಾರದು, ತೇವ ತಾಗಿರಬಾರದು, ಅವಧಿ ಮೀರಿರಬಾರದು.

ಹಿಡಿಯುವ ಕ್ರಮವೂ ಕೆಲಸಕ್ಕೆ ತಕ್ಕಂತೆ. ಸಣ್ಣ ಕೆಲಸಕ್ಕೆ ಲೇಖನಿ ಹಿಡಿದಂತೆ ಹಿಡಿಯಬೇಕು. ಇದನ್ನು ಕೇಳಿ ಕನ್ನಡ ಮೇಷ್ಟರಿಗೆ ಹಿಗ್ಗಾಯಿತು. ಉದ್ದನೆಯ ಗೀಟಿಗೆ ಪಿಟೀಲಿನ ಕಮಾನು ಹಿಡಿದಂತೆ. ಇನ್ನೊಂದು ಕೈ ಚರ್ಮವನ್ನು ಬಿಗಿಹಿಡಿದಿರಬೇಕು, ಅಲಗು ಚರ್ಮಕ್ಕೆ ನೇರವಾಗಿ ನಿಲ್ಲಬೇಕು, ಗರಗಸದಂತೆ ಹಿಂದೆ ಮುಂದೆ ಎಳೆಯದೆ ಒಂದೇ ಓಟದಲ್ಲಿ ಕೊಯ್ಯಬೇಕು. ಹಾಗೆ ಕೊಯ್ದ ಗಾಯದ ಅಂಚುಗಳು ಚೆನ್ನಾಗಿ ಕೂಡಿಕೊಳ್ಳುತ್ತವೆ. ಜಜ್ಜಿದ ಗಾಯ ಮಾಯಲು ತಡ. ನಮ್ಮ ಸೀಮೆಯ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವವರೂ ಇದನ್ನು ಬಲ್ಲರು. ತೊಗಟೆಯನ್ನು ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ಹೆರೆದು ಒಳಪದರವನ್ನು ಮುಟ್ಟದೆ ಬಿಟ್ಟರೆ ಮರ ಮತ್ತೆ ತೊಗಟೆ ಕಟ್ಟಿಕೊಳ್ಳುತ್ತದೆ. ಕೈ ತಪ್ಪಿ ಆಳಕ್ಕೆ ಹೋದರೆ ಗಂಟು ಉಳಿಯುತ್ತದೆ.

ಕೊಯ್ಯುವುದಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಕೊಯ್ಯುವ ಮೊದಲು ಮತ್ತು ಕೊಯ್ದ ಮೇಲೆ ಎಂದು ನನ್ನ ಶಿಷ್ಯ ಹೇಳಿದ. ಅಲಗನ್ನು ಹಿಡಿಗೆ ಕೂರಿಸುವಾಗಲೂ ಕಳಚುವಾಗಲೂ ಇಕ್ಕಳದಿಂದಲೇ ಹಿಡಿಯಬೇಕು, ಬೆರಳು ಸೋಕಬಾರದು. ಕೈಯಿಂದ ಕೈಗೆ ಕತ್ತಿ ದಾಟಬಾರದು. ತಟ್ಟೆಯಲ್ಲಿಟ್ಟು ಸರಿಸಬೇಕು, ಇನ್ನೊಬ್ಬರು ಅದರಿಂದ ಎತ್ತಿಕೊಳ್ಳಬೇಕು. ಸರಿಸುವಾಗ “ಬ್ಲೇಡ್” ಎಂದು ಬಾಯಿಬಿಟ್ಟು ಹೇಳಬೇಕು. ಕೆಲಸ ಮುಗಿದ ಅಲಗು ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಗೆ ಬೀಳಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇಂಥ ಚೂಪು ವಸ್ತುಗಳಿಗೆಂದೇ ಬಿಳಿಯ ಡಬ್ಬಿಯನ್ನು ಗೊತ್ತುಮಾಡಿವೆ. “ಅಲಗಿನಿಂದ ಬರಿಯ ಗಾಯವಲ್ಲ ಸಾರ್, ಕಾಮಾಲೆಯೂ ಏಡ್ಸೂ ಅಂಟಬಹುದು” ಎಂದ.

ಅವನ ಮಾತು ಕೇಳುತ್ತ ಕೇಳುತ್ತ ನಾನು ತಲೆ ತಗ್ಗಿಸಿದೆ. ನನ್ನ ಅರಿಕೆ ಇಲ್ಲಿದೆ.

1994ರ ಮಳೆಗಾಲದಲ್ಲಿ ನನ್ನ ತಂದೆ ಹಾಸಿಗೆ ಹಿಡಿದಿದ್ದರು. ಬೆನ್ನಿನ ಹುಣ್ಣಿನ ಸತ್ತ ಮಾಂಸವನ್ನು ತೆಗೆಯಲು ಪೇಟೆಯಿಂದ ಒಬ್ಬರು ಬಂದು ಹೋಗುತ್ತಿದ್ದರು. ಒಂದು ದಿನ ಅವರು ಬಿಟ್ಟುಹೋದ ಅಲಗನ್ನು ನಾನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಗೆ ಎಸೆದೆ. ಯಾರಿಗೂ ಹೇಳಲಿಲ್ಲ, ಹೇಳಬೇಕೆಂದು ತೋರಲೂ ಇಲ್ಲ. ಕಾಗದ ಕೊಳೆಯಿತು, ಅಲಗು ಕೊಳೆಯಲಿಲ್ಲ. ಮಳೆ ಬಿಟ್ಟ ಮೇಲೆ ತೋಟಕ್ಕೆ ಗೊಬ್ಬರ ಹೊರುವ ದಿನ, ಬುಟ್ಟಿ ತುಂಬುತ್ತಿದ್ದ ಹೆಂಗಸೊಬ್ಬರ ಬಲಗೈಯ ತೋರುಬೆರಳಿನ ಬುಡವನ್ನು ಅದು ಕೊಯ್ದಿತು. ಸ್ನಾಯುವಿನ ಹುರಿಯೇ ತುಂಡಾಗಿತ್ತು. ಹೊಲಿಗೆ ಹಾಕಿಸಿದೆವು, ಗಾಯ ಮಾಯಿತು. ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಹಗಲು ಕೂಲಿಗೆ ಬಂದು ರಾತ್ರಿ ಚಿಮಿಣಿಯ ಬೆಳಕಿನಲ್ಲಿ ಬೀಡಿ ಕಟ್ಟುತ್ತಿದ್ದವರು ಅವರು. ಬೀಡಿ ಕಟ್ಟುವುದೆಲ್ಲ ಬೆರಳ ತುದಿಯ ಕೆಲಸ. ಅದು ಅಲ್ಲಿಗೇ ನಿಂತಿತು.

ನಾನು ಹಣ ಕೊಟ್ಟೆ, ತೆಗೆದುಕೊಂಡರು. ಬೈಯಲಿಲ್ಲ. ಹೊರಡುವಾಗ ಇಷ್ಟೇ ಅಂದರು: “ಅದು ಅಲ್ಲಿ ಉಂಟೂಂತ ಒಂದು ಮಾತು ಹೇಳಿದ್ದರೆ ಸಾಕಿತ್ತು ಮಾಷ್ಟ್ರೇ.”

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಗಟ್ಟಿಯಾಗಿ ಹೇಳುವ ಆ ಒಂದು ಮಾತು ಇದೇ ಅಲ್ಲವೆ? ಮಾತನ್ನೇ ನಂಬಿ ಬದುಕಿದ ನಾನು ಆಡಬೇಕಾದಲ್ಲಿ ಅದನ್ನು ಆಡಲಿಲ್ಲ.

ಇಂದು ಸಕ್ಕರೆ ಕಾಯಿಲೆಯ ಸೂಜಿಗಳು, ರಕ್ತ ಪರೀಕ್ಷೆಯ ಮೊನೆಗಳು, ಕ್ಷೌರದ ಬ್ಲೇಡುಗಳು ಇಲ್ಲದ ಮನೆ ಅಪರೂಪ. ಮುಚ್ಚಳವಿರುವ ಒಂದು ಗಟ್ಟಿ ಡಬ್ಬಿಯನ್ನು ಅವಕ್ಕೆಂದೇ ಇಡಿ. ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಪೂರ್ತಿ ತುಂಬುವ ಮೊದಲೇ ಹತ್ತಿರದ ಆಸ್ಪತ್ರೆಯಲ್ಲಿ ಕೇಳಿ, ಅದರೊಳಗೆ ಏನಿದೆಯೆಂದು ಹೇಳಿ ಒಪ್ಪಿಸಿ. ನಮ್ಮ ಮನೆಯ ಡಬ್ಬಿ ಅಡುಗೆಮನೆಯ ಕಪಾಟಿನ ಮೇಲಿದೆ. ಅದರ ಮೇಲಿನ ಅಕ್ಷರ ಮಾಸಿದಾಗಲೆಲ್ಲ ನಾನೇ ಮತ್ತೆ ಬರೆಯುತ್ತೇನೆ.