ಹಳೆಯ ಸಾಮಾನಿನ ಸಂತೆಯನ್ನು ತೆರೆಯುತ್ತ



ಬಳಸಿದ ವಸ್ತುವನ್ನು ಮಾರುವುದು ಮರ್ಯಾದೆಗೆ ಕುಂದೆಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಆ ಸಂಕೋಚದ ಫಲವಾಗಿ ಅಜ್ಜಿಯ ಕಾಲದ ಹಿತ್ತಾಳೆಯ ತಪ್ಪಲೆಯೂ ತಂದೆಯವರ ಕೈಗಡಿಯಾರವೂ ಅಟ್ಟದ ಮೇಲೆ ವರ್ಷಗಟ್ಟಲೆ ಧೂಳು ಹಿಡಿದು, ಮನೆ ಬದಲಿಸುವ ಅವಸರದಲ್ಲಿ ಒಂದು ದಿನ ಗುಜರಿಯವನ ತಕ್ಕಡಿಗೆ ಬಿದ್ದು, ಬರಿಯ ಲೋಹದ ತೂಕವಾಗಿ ಪರಿಣಮಿಸುತ್ತವೆ. ಅವು ಹಾಗೆ ನಷ್ಟವಾಗದೆ, ಬಳಸಬಲ್ಲವರ ಕೈಸೇರಲೆಂದು ಏರ್ಪಟ್ಟಿರುವ ಈ ಸಂತೆಯನ್ನು ಉದ್ಘಾಟಿಸಲು ಕರೆದುದಕ್ಕಾಗಿ ನಾನು ಕೃತಜ್ಞನಾಗಿದ್ದೇನೆ.

ಈ ವ್ಯಾಪಾರವನ್ನು ಕಟ್ಟಿದವರು ಬಡವರು. ಪ್ಯಾರಿಸ್ ನಗರದ ಉತ್ತರದ ಅಂಚಿನಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಂದಿ ಆಯುವವರು ನಗರದ ಕಸದಿಂದ ಹೆಕ್ಕಿ ತಂದುದನ್ನು ಬಯಲಿನಲ್ಲಿ ಹರಡಿ ಆರಂಭಿಸಿದ ಮಾರಾಟವೇ ಇಂದು ಜಗತ್ಪ್ರಸಿದ್ಧವಾದ ಪೇಟೆಯಾಗಿ ಬೆಳೆದಿದೆ. ನಮ್ಮ ಬೆಂಗಳೂರಿನಲ್ಲಿಯೂ ಚಿಕ್ಕಪೇಟೆಯ ಆಸುಪಾಸಿನ ಭಾನುವಾರದ ಸಂತೆ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿ, ಇವು ಎಷ್ಟು ಬಡ ವಿದ್ಯಾರ್ಥಿಗಳಿಗೆ ಆಸರೆಯಾದವೆಂಬುದನ್ನು ಆ ವಿದ್ಯಾರ್ಥಿಗಳೇ ಬಲ್ಲರು.

ಇಲ್ಲಿ ಮಾರುವವನ ಯಶಸ್ಸು ಮಾತಿನ ಚಾತುರ್ಯಕ್ಕಿಂತ ಹೆಚ್ಚಾಗಿ ವಸ್ತುವಿನ ಪರಿಜ್ಞಾನವನ್ನೂ, ಬಲ್ಲುದನ್ನು ಮುಚ್ಚಿಡದೆ ಹೇಳುವ ಧೈರ್ಯವನ್ನೂ ಅವಲಂಬಿಸಿದೆಯೆಂಬುದು ನನ್ನ ದೃಢವಾದ ನಂಬಿಕೆ. ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಇಟ್ಟರೆ ಗಿರಾಕಿಯ ಕಣ್ಣು ತಾನಾಗಿಯೇ ಅತ್ತ ಹರಿಯುವುದು. ಅದೇ ಉತ್ಸಾಹದಿಂದ ಹಳೆಯ ನಾಣ್ಯವನ್ನು ತಿಕ್ಕಿದಿರಾದರೆ, ಅದರ ಮೇಲೆ ಕಾಲವು ಕೂಡಿಸಿದ ಬಣ್ಣವೂ ಅಕ್ಷರಗಳ ಸೂಕ್ಷ್ಮವಾದ ಅಂಚುಗಳೂ ನಶಿಸಿ, ಸಂಗ್ರಾಹಕನು ಕೊಡಬಹುದಾಗಿದ್ದ ಬೆಲೆ ಕುಸಿದುಹೋಗುವುದು. ಪಾತ್ರೆಗೂ ಹೊಳಪೊಂದೇ ಸಾಲದು. ಒಳಗಿನ ಕಲಾಯಿ ಸವೆದಿದ್ದರೆ ಹುಳಿಯ ಪದಾರ್ಥ ಅದರಲ್ಲಿ ಕಿಲುಬುತ್ತದೆ. ಆದುದರಿಂದ “ಇದಕ್ಕೆ ಕಲಾಯಿ ಹಾಕಿಸಬೇಕು, ತಾಯಿ” ಎಂದು ಕೊಳ್ಳುವಾಕೆ ಕೇಳುವುದಕ್ಕೆ ಮುಂಚೆಯೇ ಹೇಳತಕ್ಕದ್ದು. ಬೆಲೆ ತುಸು ಇಳಿದೀತು, ನಿಜ. ಆದರೆ ಪಕ್ಕದಲ್ಲಿರುವ ಕೊಳಗವನ್ನು ಆಕೆ ಸಂದೇಹವಿಲ್ಲದೆ ಕೈಗೆತ್ತಿಕೊಳ್ಳುತ್ತಾಳೆ.

1961ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯ ಹೆಸರು ಹೊತ್ತ, ದಿನವೂ ಕೀಲಿ ಕೊಡಬೇಕಾದ ‘ಜನತಾ’ ಗಡಿಯಾರವನ್ನು ಈಗಿನ ತರುಣರು ಹುಡುಕಿಕೊಂಡು ಬರುತ್ತಿದ್ದಾರೆ. ಆ ಆದರವೇ ಮೋಸಕ್ಕೂ ಎಡೆಮಾಡಿಕೊಟ್ಟು, ಮುಖಫಲಕಕ್ಕೆ ಹೊಸ ಬಣ್ಣ ಬಳಿದ, ಯಾವ ಯಾವುದೋ ಗಡಿಯಾರದ ಭಾಗಗಳನ್ನು ಕೂಡಿಸಿದ ಸರಕು ಪೇಟೆಯನ್ನು ತುಂಬಿದೆ. ನಿಮ್ಮ ಗಡಿಯಾರದ ಮುಖ ಮಾಸಿದ್ದರೆ ಮಾಸಿದಂತೆಯೇ ಇರಲಿ. ಅದನ್ನು ಬಲ್ಲವನಿಗೆ ಆ ಕಂದಿದ ಮುಖವೇ ಪ್ರಮಾಣ.

ಒಂದು ಎಚ್ಚರಿಕೆಯ ಮಾತು. 1972ರ ಶಾಸನದಂತೆ, 100 ವರ್ಷ ತುಂಬಿದ ವಿಗ್ರಹ, ಚಿತ್ರ, ನಾಣ್ಯಾದಿಗಳೂ 75 ವರ್ಷ ತುಂಬಿದ ಮಹತ್ತ್ವದ ಹಸ್ತಪ್ರತಿಗಳೂ ಪುರಾತನ ವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರ ನಡೆಸಲು ಸರ್ಕಾರದ ಪರವಾನಗಿ ಬೇಕು. ಯಾರದಾದರೂ ಗಂಟಿನಲ್ಲಿ ತಾಳೆಗರಿಯ ಕಟ್ಟೊಂದು ಬಂದಿದ್ದರೆ ದಯವಿಟ್ಟು ಮಾರಾಟಕ್ಕಿಡದೆ ಬಲ್ಲ ವಿದ್ವಾಂಸರಿಗೆ ತೋರಿಸಿ. ಅದು ಒಮ್ಮೆ ಹರಿದು ಹಂಚಿಹೋದರೆ ಮತ್ತೆ ಕೂಡಿಸಲಾರೆವು.

ಇನ್ನು ಚೌಕಾಸಿ. ಅದನ್ನು ಅವಮಾನವೆಂದು ಬಗೆಯಬೇಡಿ. ಪ್ರತಿಯೊಂದು ವಸ್ತುವಿಗೂ ಇದಕ್ಕಿಂತ ಕೆಳಗಿಳಿಯಲಾರೆನೆಂಬ ಬೆಲೆಯನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಬಂದವನು ಸಂತೆಯ ಗದ್ದಲದಲ್ಲಿಯೂ ತಾಳ್ಮೆಗೆಡನು. ಬೆಳಗಿನ ಮೊದಲ ಗಳಿಗೆಯಲ್ಲಿ ಬಂದು ಇಡೀ ಗಂಟನ್ನೇ ಒಂದು ಮಾತಿಗೆ ಕೇಳುವವರು ಬಹುಮಟ್ಟಿಗೆ ವ್ಯಾಪಾರಿಗಳು. ಬೋಣಿಯ ಆಸೆಗೆ ಬಿದ್ದು ಅವರಿಗೆ ಒಡನೆಯೇ ಒಪ್ಪಿಬಿಡಬೇಡಿ. ಸಂಜೆಗೆ ಉಳಿದುದರ ದರವನ್ನು ಇಳಿಸುವುದು ಬೇರೆಯ ಮಾತು. ಚಿಲ್ಲರೆಯನ್ನು ಸಾಕಷ್ಟು ಇಟ್ಟುಕೊಳ್ಳಿ. ಚಿಲ್ಲರೆಯಿಲ್ಲದೆ ಮುರಿದ ವ್ಯಾಪಾರಗಳು ಅಸಂಖ್ಯಾತ.

ವ್ಯವಸ್ಥಾಪಕರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ರೇಡಿಯೋ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮುಂತಾದುವನ್ನು ಕೊಳ್ಳುವ ಮುನ್ನ ನಡೆಸಿ ನೋಡಲು ಕರೆಂಟಿನ ಸೌಕರ್ಯವುಳ್ಳ ಮೇಜೊಂದನ್ನು ಬಾಗಿಲ ಬಳಿಯಲ್ಲೇ ಹಾಕಿಸಿ, ವಿದ್ಯುತ್ ಕೆಲಸ ಬಲ್ಲ ಒಬ್ಬರನ್ನು ಅಲ್ಲಿ ಕೂರಿಸಬೇಕು. ಸಭೆಯ ಅಧ್ಯಕ್ಷರು ಈಗತಾನೆ ಸಮ್ಮತಿ ಸೂಚಿಸಿದ್ದಾರೆ. ಇನ್ನು ತಡವೇಕೆ? ಈ ಸಂತೆ ಆರಂಭವಾಯಿತೆಂದು ಸಂತೋಷದಿಂದ ಸಾರುತ್ತೇನೆ.