ಬಿಡುಗಡೆಯೂ ಬೇಕು, ಬಾಂಧವ್ಯವೂ ಬೇಕು: ಕನಾಕ್ ಜನರ ನ್ಯಾಯದ ಬೇಡಿಕೆ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಪಾಠ)



ವಸಾಹತುಶಾಹಿಯ ಯುಗ ಮುಗಿಯಿತೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆದರೆ ಸ್ವಯಮಾಡಳಿತ ಪಡೆಯದ ಪ್ರದೇಶಗಳ ಪಟ್ಟಿಯೊಂದು ವಿಶ್ವಸಂಸ್ಥೆಯ ಮುಂದೆ ಇನ್ನೂ ಇದೆ. 1986ರ ಡಿಸೆಂಬರ್‌ನಲ್ಲಿ ಆ ಪಟ್ಟಿಗೆ ಮರಳಿ ಸೇರಿದ ಹೆಸರು ನ್ಯೂ ಕ್ಯಾಲಿಡೋನಿಯಾ. ಆಸ್ಟ್ರೇಲಿಯಾದ ಪೂರ್ವಕ್ಕಿರುವ ಈ ದ್ವೀಪಗಳ ಮೂಲನಿವಾಸಿಗಳು ಕನಾಕ್ ಜನರು. ಆಳುವವರು ಅಲ್ಲಿಂದ ಸುಮಾರು ಹದಿನೇಳು ಸಾವಿರ ಕಿಲೋಮೀಟರ್ ದೂರದ ಫ್ರಾನ್ಸ್‌ನವರು.

ಸ್ವಾತಂತ್ರ್ಯ ಕೇಳುವವರು ಸಮಾಜವನ್ನು ಒಡೆಯುವವರು, ಸಾಮರಸ್ಯ ಬಯಸುವವರು ಹಳೆಯ ಅನ್ಯಾಯವನ್ನು ಕೆದಕಬಾರದು ಎಂಬ ವಾದವನ್ನು ಬಲಾಢ್ಯರು ಎಲ್ಲ ಕಡೆಯೂ ಮುಂದಿಡುತ್ತಾರೆ. ಈ ವಾದ ಎಷ್ಟು ಪೊಳ್ಳು ಎಂಬುದಕ್ಕೆ ಕನಾಕರ ಇತಿಹಾಸವೇ ಉತ್ತರ.

1853ರ ಸೆಪ್ಟೆಂಬರ್ 24ರಂದು ಫ್ರಾನ್ಸ್ ಈ ದ್ವೀಪಗಳನ್ನು ವಶಪಡಿಸಿಕೊಂಡಿತು. 1864ರಿಂದ ಅದನ್ನು ಕೈದಿಗಳ ವಸಾಹತನ್ನಾಗಿ ಮಾಡಿತು. ಫಲವತ್ತಾದ ನೆಲ ವಲಸಿಗರ ಪಾಲಾಯಿತು. ಅವರ ದನಗಳು ಕನಾಕರ ಗೆಣಸು, ಕೆಸುವಿನ ಹೊಲಗಳನ್ನು ತುಳಿದು ಹಾಳುಮಾಡಿದವು. 1878ರಲ್ಲಿ ಅತಾಯಿ ಎಂಬ ಮುಖಂಡನ ನೇತೃತ್ವದಲ್ಲಿ ಜನ ಬಂಡೆದ್ದರು. ಫ್ರೆಂಚರ ಪರವಾಗಿ ಕಾದಾಡುತ್ತಿದ್ದ ಮತ್ತೊಂದು ಕನಾಕ್ ಪಂಗಡದವನ ಕೈಯಿಂದಲೇ ಅತಾಯಿ ಹತನಾದನು. ಆತನ ಶಿರವನ್ನು ಪ್ಯಾರಿಸ್‌ಗೆ ಸಾಗಿಸಲಾಯಿತು. ಅದು ವಂಶಸ್ಥರ ಕೈಸೇರಿದ್ದು 2014ರಲ್ಲಿ. 1887ರಿಂದ 1946ರವರೆಗೆ ಮೂಲನಿವಾಸಿಗಳಿಗೆಂದೇ ಪ್ರತ್ಯೇಕ ಕಾನೂನಿತ್ತು. ಮೀಸಲು ಪ್ರದೇಶದಿಂದ ಹೊರಹೋಗಲು ಅನುಮತಿ ಬೇಕಿತ್ತು, ಬಲವಂತದ ದುಡಿಮೆಯಿತ್ತು, ತಲೆಗಂದಾಯವಿತ್ತು. 1931ರಲ್ಲಿ ನೂರಕ್ಕೂ ಹೆಚ್ಚು ಕನಾಕರನ್ನು ಪ್ಯಾರಿಸ್‌ಗೆ ಕರೆದೊಯ್ದು, ನರಭಕ್ಷಕರೆಂದು ಹೇಳಿ ಪ್ರದರ್ಶನಕ್ಕಿಟ್ಟರು.

ಬಂಧುಗಳೇ, ಈ ಕಥೆಯಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದ ಅಧ್ಯಾಯವೊಂದಿದೆ. 1871ರಲ್ಲಿ ಅಲ್ಜೀರಿಯಾದ ಮುಸ್ಲಿಮರು ಮೊಕ್ರಾನಿಯ ನಾಯಕತ್ವದಲ್ಲಿ ಫ್ರಾನ್ಸ್ ವಿರುದ್ಧ ಎದ್ದುನಿಂತಾಗ, ಸೆರೆಸಿಕ್ಕ ಅನೇಕರನ್ನು ಇದೇ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ಬೂರೈ ಪಟ್ಟಣದ ಸಮೀಪದ ನೆಸಾದಿಯೂ ಎಂಬಲ್ಲಿ ಅವರ ಖಬರಸ್ಥಾನ ಇಂದಿಗೂ ಇದೆ. ಪ್ಯಾರಿಸ್ ಕಮ್ಯೂನಿನ ಬಂಡಾಯಗಾರರೂ ಗಡೀಪಾರಾಗಿ ಅಲ್ಲಿದ್ದರು. ಕನಾಕರು ಬಂಡೆದ್ದಾಗ ಈ ದೇಶಭ್ರಷ್ಟರಲ್ಲಿ ಹಲವರು ಫ್ರೆಂಚ್ ಸೇನೆಯ ಜೊತೆಗೂಡಿದರು. ಮೊಕ್ರಾನಿಯ ಸಹೋದರ ಬೂಮೆಝ್ರಾಗ್ ಕೂಡ ಅವರಲ್ಲೊಬ್ಬರು. ಕಮ್ಯೂನಿನ ಲೂಯಿಸ್ ಮಿಶೆಲ್‌ರಂತಹ ಕೆಲವರು ಮಾತ್ರ ಕನಾಕರ ಪರ ನಿಂತರು. ಕ್ಷಮಾದಾನ ಸಿಕ್ಕೀತೆಂಬ ಆಸೆ ಅಲ್ಜೀರಿಯನ್ನರ ಪಾಲಿಗೆ ಬೇಗ ಫಲಿಸಲಿಲ್ಲ. 1880ರಲ್ಲಿ ಕಮ್ಯೂನಿನವರಿಗೆ ಬಿಡುಗಡೆ ದೊರೆತರೂ ಅಲ್ಜೀರಿಯನ್ನರು 1895ರವರೆಗೆ ಕಾಯಬೇಕಾಯಿತು. ಒಬ್ಬ ದಮನಿತನನ್ನು ಇನ್ನೊಬ್ಬ ದಮನಿತನ ಮೇಲೆ ಛೂ ಬಿಡುವುದು ಸಾಮ್ರಾಜ್ಯಶಾಹಿಯ ಹಳೆಯ ತಂತ್ರ. ಪೀಡಿತನು ನಮ್ಮ ಜನಾಂಗದವನೇ, ನಮ್ಮ ಧರ್ಮದವನೇ ಎಂದು ವಿಚಾರಿಸಿಕೊಂಡು ನ್ಯಾಯದ ಪರ ನಿಲ್ಲುವವರು ಈ ಬಲೆಗೆ ಸುಲಭವಾಗಿ ಬೀಳುತ್ತಾರೆ.

ನಂತರ ಬಂದದ್ದು ಸಂಖ್ಯೆಯ ರಾಜಕೀಯ. ನಿಕ್ಕಲ್ ಅದಿರಿನ ವ್ಯಾಪಾರ ಏರುತ್ತಿದ್ದ ಕಾಲದಲ್ಲಿ, 1972ರಲ್ಲಿ, ಫ್ರಾನ್ಸ್‌ನ ಪ್ರಧಾನಿ ಪಿಯರ್ ಮೆಸ್ಮರ್ ಒಂದು ಪತ್ರ ಬರೆದರು. ಫ್ರೆಂಚ್ ಪ್ರಜೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಗೊಳಿಸಿದರೆ ಮೂಲನಿವಾಸಿಗಳ ರಾಷ್ಟ್ರೀಯ ಬೇಡಿಕೆಯನ್ನು ತಡೆಯಬಹುದೆಂಬುದು ಅದರ ಸಾರ. 2019ರ ಜನಗಣತಿಯಲ್ಲಿ ಸುಮಾರು 2,71,000 ಜನರ ಪೈಕಿ ಕನಾಕರು ಶೇ. 41ರಷ್ಟು ಮಾತ್ರ. ಮೊದಲು ಒಂದು ಜನತೆಯನ್ನು ಅಲ್ಪಸಂಖ್ಯಾತರನ್ನಾಗಿಸಿ, ಆಮೇಲೆ 'ಬಹುಮತದಿಂದ ತೀರ್ಮಾನಿಸೋಣ' ಎನ್ನುವುದು ಯಾವ ನ್ಯಾಯ?

ಇದಕ್ಕೆ ಕನಾಕರು ಕೊಟ್ಟ ಉತ್ತರ ಸ್ಮರಣೀಯವಾದುದು. 1983ರಲ್ಲಿ ಫ್ರಾನ್ಸ್‌ನ ನೆಂವಿಲ್-ಲೆ-ರೋಶ್‌ನಲ್ಲಿ ನಡೆದ ಮಾತುಕತೆಯಲ್ಲಿ ಅವರು ಮೊದಲ ನಿವಾಸಿಗಳಾಗಿ ಸ್ವಾತಂತ್ರ್ಯದ ಜನ್ಮಸಿದ್ಧ ಹಕ್ಕನ್ನು ಪ್ರತಿಪಾದಿಸಿದರು. ಅದೇ ಉಸಿರಿನಲ್ಲಿ, ಇತಿಹಾಸದ ಹೊಡೆತಕ್ಕೆ ಸಿಕ್ಕಿ ಅಲ್ಲಿ ನೆಲೆಸಿದ ಇತರ ಸಮುದಾಯಗಳೂ ಭವಿಷ್ಯದ ನಿರ್ಧಾರದಲ್ಲಿ ಪಾಲ್ಗೊಳ್ಳಬಹುದೆಂದು ಒಪ್ಪಿದರು. ಕೈದಿಯಾಗಿ ಬಂದವನ ಮೊಮ್ಮಗನಿಗೆ 'ತೊಲಗು' ಎನ್ನಲಿಲ್ಲ, 'ಇರು, ಆದರೆ ಈ ಮನೆ ಯಾರದೆಂಬುದನ್ನು ಒಪ್ಪಿಕೋ' ಎಂದರು.

ಆದರೆ ಇದಕ್ಕೆ ಪ್ರತಿಯಾಗಿ ರಕ್ತ ಹರಿಯಿತು. 1984ರ ಡಿಸೆಂಬರ್‌ನಲ್ಲಿ ಹೊಂಚುಹಾಕಿ ಹತ್ತು ಮಂದಿ ಕನಾಕರನ್ನು ಕೊಲ್ಲಲಾಯಿತು. ಅವರಲ್ಲಿ ಇಬ್ಬರು ಸ್ವಾತಂತ್ರ್ಯ ಚಳವಳಿಯ ನಾಯಕ ಜಾನ್-ಮರಿ ಚಿಬಾವು ಅವರ ಸಹೋದರರು. ಆರೋಪಿಗಳು ಖುಲಾಸೆಯಾದರು. 1988ರಲ್ಲಿ ಊವೆಯಾ ದ್ವೀಪದಲ್ಲಿ ಕನಾಕ್ ಯುವಕರ ದಾಳಿಯಲ್ಲಿ ನಾಲ್ವರು ಪೊಲೀಸರು ಸತ್ತರು, ಹಲವರು ಒತ್ತೆಯಾಳುಗಳಾದರು. ಮೇ 5ರಂದು ಸೇನೆ ಗುಹೆಗೆ ನುಗ್ಗಿದಾಗ 19 ಕನಾಕರೂ ಇಬ್ಬರು ಸೈನಿಕರೂ ಬಲಿಯಾದರು. ಇಷ್ಟಾದರೂ ಆ ವರ್ಷದ ಜೂನ್‌ನಲ್ಲಿ ಚಿಬಾವು ಅವರು ಎದುರಾಳಿ ನಾಯಕ ಜಾಕ್ ಲಾಫ್ಲರ್ ಅವರ ಕೈಕುಲುಕಿ ಮಾತಿನ್ಯೋಂ ಒಪ್ಪಂದಕ್ಕೆ ಸಮ್ಮತಿಸಿದರು. ಮರುವರ್ಷ ಮೇ 4ರಂದು, ಒಪ್ಪಂದವನ್ನು ದ್ರೋಹವೆಂದು ಭಾವಿಸಿದ ಒಬ್ಬ ಕನಾಕನೇ ಅವರನ್ನೂ ಅವರ ಒಡನಾಡಿ ಯೇವೆನೆ ಅವರನ್ನೂ ಗುಂಡಿಕ್ಕಿ ಕೊಂದನು. ಅವನೂ ಅಲ್ಲಿಯೇ ಹತನಾದನು.

ಮೂರು ಮನೆಗಳು ಹದಿನೈದು ವರ್ಷ ಪರಸ್ಪರ ಮುಖ ನೋಡದೆ ಉಳಿದವು. ಕೊನೆಗೆ 2004ರಲ್ಲಿ, ಹಿರಿಯರ ಪದ್ಧತಿಯಂತೆ, ಆ ಕುಟುಂಬಗಳು ಎದುರುಬದುರು ಕುಳಿತು ರಾಜಿಯಾದವು. ಅಲ್ಲಿ ತಪ್ಪನ್ನು ಮುಚ್ಚಿಡಲಿಲ್ಲ. ಹೆಸರಿಟ್ಟು ಹೇಳಿ, ನಂತರ ಕ್ಷಮಿಸಿದರು. ಸತ್ಯವನ್ನು ಒಪ್ಪಿಕೊಳ್ಳದೆ ಕೇಳುವ ಕ್ಷಮೆ ಕ್ಷಮೆಯಲ್ಲ ಎಂಬ ಪಾಠ ಇದು.

ಫ್ರಾನ್ಸ್ ಕೂಡ ಒಮ್ಮೆ ಆ ದಾರಿಯಲ್ಲಿ ಹೆಜ್ಜೆಯಿಟ್ಟಿತ್ತು. 1998ರ ನುಮೇಯಾ ಒಪ್ಪಂದದ ಪೀಠಿಕೆಯಲ್ಲಿ ವಸಾಹತು ಆಡಳಿತವು ಕನಾಕರ ಅಸ್ಮಿತೆಯನ್ನು ಕಸಿದುಕೊಂಡಿತೆಂದು ಒಪ್ಪಿಕೊಂಡಿತು. ಅದರಂತೆ ಮೂರು ಜನಮತಗಣನೆಗಳು ನಡೆದವು. ಸ್ವಾತಂತ್ರ್ಯದ ಪರ ಮತ 2018ರಲ್ಲಿ ಶೇ. 43.3, 2020ರಲ್ಲಿ ಶೇ. 46.7. ಮೂರನೆಯದನ್ನು, ಕೋವಿಡ್ ಸಾವುಗಳ ಸೂತಕದಲ್ಲಿದ್ದೇವೆ, ಮುಂದೂಡಿ ಎಂದು ಕನಾಕರು ಬೇಡಿದರೂ, 2021ರ ಡಿಸೆಂಬರ್‌ನಲ್ಲಿ ನಡೆಸಿಯೇಬಿಟ್ಟರು. ಅವರು ಬಹಿಷ್ಕರಿಸಿದರು, ಹಿಂದಿನ ವರ್ಷ ಶೇ. 85ನ್ನು ಮೀರಿದ್ದ ಮತದಾನ ಶೇ. 44ಕ್ಕೆ ಕುಸಿಯಿತು. ಶೇ. 96ಕ್ಕೂ ಹೆಚ್ಚು ಮತ ಫ್ರಾನ್ಸ್ ಪರ ಬಂತೆಂದು ಸರಕಾರ ಬೀಗಿತು. 2024ರಲ್ಲಿ ಮತದಾರರ ಪಟ್ಟಿಯನ್ನು ಹೊಸಬರಿಗೆ ತೆರೆಯಲು ಹೊರಟಾಗ ದ್ವೀಪ ಹೊತ್ತಿ ಉರಿಯಿತು. 14 ಜೀವಗಳು ಹೋದವು. 2025ರ ಜುಲೈನಲ್ಲಿ ಬೂಜಿವಾಲ್‌ನಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿದ್ದರೂ, ಕನಾಕರ ಪ್ರಮುಖ ವಿಮೋಚನಾ ರಂಗವು ಆಗಸ್ಟ್‌ನಲ್ಲಿ ಅದನ್ನು ತಿರಸ್ಕರಿಸಿತು.

ಸುಟ್ಟ ಅಂಗಡಿಗಳಿಂದ ಸ್ವಾತಂತ್ರ್ಯ ಹುಟ್ಟದು, ನಿಜ. ಆದರೆ ಸೂತಕದ ಮನೆಯ ಬಾಗಿಲಲ್ಲಿ ಮತಪೆಟ್ಟಿಗೆ ಇಟ್ಟವರಿಗೆ ಶಾಂತಿಯ ಉಪದೇಶ ಮಾಡುವ ಅರ್ಹತೆ ಎಲ್ಲಿದೆ? ಕಸಿದುಕೊಂಡವನು ಕಸಿದದ್ದನ್ನು ಒಪ್ಪಿ ಹಿಂದಿರುಗಿಸಲಿ. ಕಳೆದುಕೊಂಡವನು ನೆರೆಯವನಿಗೆ ಜಾಗ ಕೊಡಲಿ. ಎರಡನೆಯದನ್ನು ಕನಾಕರು 1983ರಲ್ಲಿಯೇ ಮಾಡಿದ್ದಾರೆ. ಮೊದಲನೆಯದು ಇನ್ನೂ ಬಾಕಿಯಿದೆ.